ಮರದ ಬುಡದಲ್ಲಿ ಅಂಬುಜಮ್ಮ

"ಹಸಿ ಸೌದೆ ಅಂತೀರಲ್ಲ ಪುನೀತ್, ಬಾಯಿಗೆ ಬಂದಂಗೆ ಮಾತಾಡ್ಬೇಡಿ ಕಣ್ರೀ. ತಗೊಳಿ, ಕೈಯಲ್ಲಿ ಹಿಡ್ದು ನೋಡಿ!"

ಅಂಬುಜಮ್ಮ ಹುಣಸೆ ಸೌದೆಯ ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದಳು. ಠಣ್ ಎಂದಿತು. ಮದುವೆ ಅಡುಗೆಯ ಕಾಂಟ್ರಾಕ್ಟು ಹಿಡಿಯುವ ಪುನೀತ್ ಪೆಚ್ಚಾಗಿ ನಕ್ಕು, "ಆಯ್ತು ಬುಡಮ್ಮ, ಹಾಕ್ಸಿ ಲೋಡು" ಎಂದ. ಇಲವಾಲದ ಬಳಿ ಹುಣಸೂರು ರಸ್ತೆಯ ಪಕ್ಕದಲ್ಲಿರುವ ಆ ಸೌದೆ ಡಿಪೋಗೆ ಬಂದು ಅಂಬುಜಮ್ಮನ ಹತ್ತಿರ ವಾದದಲ್ಲಿ ಗೆದ್ದು ಹೋದವರು ಯಾರೂ ಇರಲಿಲ್ಲ.

ಒಬ್ಬನ ಹತ್ತಿರ ಮಾತ್ರ ಅವಳ ಮಾತು ನಡೆಯುತ್ತಿರಲಿಲ್ಲ. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಮಚ್ಚು ಮಸೆಯುತ್ತಿದ್ದ, ಅವಳ ಗಂಡ ನಿಂಗಯ್ಯ.

ನಿಂಗಯ್ಯ ಮರ ಸವರುವವನು. ಮೈಸೂರಿನ ಬಡಾವಣೆಗಳಲ್ಲಿ ಯಾರ ಮನೆಯ ಮಾವು ಕರೆಂಟು ತಂತಿಗೆ ತಗುಲಿದರೂ, ಯಾರ ಹಲಸಿಗೆ ಕಾಂಡಕೊರಕ ಹುಳು ಬಿದ್ದರೂ ಅವನಿಗೇ ಫೋನು. ಮರ ಉಳಿಯಬೇಕು, ಮನೆಯೂ ಉಳಿಯಬೇಕು, ಹಾಗೆ ನೋಡಿ ನೋಡಿ ಸವರುತ್ತಿದ್ದ. ಇಳಿದ ಕೊಂಬೆಗಳು ಟೆಂಪೊ ಏರಿ ಡಿಪೋಗೆ ಬರುತ್ತಿದ್ದವು. ಒಣಗಿಸುವುದು, ಸೀಳಿಸುವುದು, ಮಾರುವುದು ಅಂಬುಜಮ್ಮನ ಪಾಲು. "ಮರದ ಮೇಲೆ ನಿಮ್ಮ ದರ್ಬಾರು, ನೆಲದ ಮೇಲೆ ನಂದು" ಎಂದು ಅವಳು ಗಂಡನನ್ನು ರೇಗಿಸುತ್ತಿದ್ದಳು. ಅವನಿಗೂ ಆ ಮಾತು ಖುಷಿಯೇ.

ಆದರೆ ಆ ದರ್ಬಾರನ್ನು ಅವಳು ಕಣ್ಣಾರೆ ಕಂಡವಳಲ್ಲ. ಗಂಡ ಮರದ ಮೇಲಿರುವಾಗ ಹೆಂಡತಿ ಬುಡಕ್ಕೆ ಬರಬಾರದು, ಬಂದರೆ ಅಪಶಕುನ. ನಿಂಗಯ್ಯನ ಅಪ್ಪನ ಕಾಲದಿಂದಲೂ ಆ ಮನೆಯಲ್ಲಿ ನಡೆದು ಬಂದ ಕಟ್ಟಳೆ ಅದು. ಅತ್ತೆ ಹೋಗಿರಲಿಲ್ಲ, ಸೊಸೆಯೂ ಹೋಗಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸುವುದು, ಸಂಜೆ ಟೆಂಪೊ ಸದ್ದು ಕೇಳುವವರೆಗೂ ರಸ್ತೆ ಕಡೆಗೆ ಕಿವಿಕೊಟ್ಟು ಕೂರುವುದು, ಇಷ್ಟರಲ್ಲೇ ಅವಳ ತಲೆಗೂದಲು ನರೆತಿತ್ತು.

ಈ ಸಲ ಬೇಸಿಗೆಯ ಆರಂಭದಲ್ಲಿ ಮಂಡಕಳ್ಳಿಯ ಸಿದ್ದಪ್ಪಾಜಿ ಸಿಲ್ವರ್ ಓಕ್ ಮರದಿಂದ ಬಿದ್ದ. ಅವನೂ ಮರ ಸವರುವವನೇ, ನಿಂಗಯ್ಯನ ಹಳೆಯ ಜೊತೆಗಾರ. ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನವಿಲ್ಲ. ಗಂಡಹೆಂಡತಿ ಇಬ್ಬರೂ ನೋಡಲು ಹೋದರು.

"ಬಾರೋ ನಿಂಗ, ಚಾಪೆ ಎಳ್ಕೊಂಡು ನೀನೇ ಕೂತ್ಕೋ. ನನ್ನ ಕೈಲಿ ಉಪಚಾರ ಆಗಲ್ಲ" ಎಂದು ಮಲಗಿದ್ದಲ್ಲಿಂದಲೇ ಸಿದ್ದಪ್ಪಾಜಿ ನಕ್ಕ. ನಿಂಗಯ್ಯನೂ ನಕ್ಕ. ಅಯ್ಯೋ, ಆ ನಗುವಿನಂಥ ಸಂಕಟ ಇನ್ನೊಂದಿಲ್ಲ.

ಒಳಗೆ ಸಿದ್ದಪ್ಪಾಜಿಯ ಹೆಂಡತಿ ಕಾಫಿ ಸೋಸುತ್ತಿದ್ದಳು. ಅವಳ ಮುಂಗೈಗೆ ಬಟ್ಟೆ ಸುತ್ತಿತ್ತು. ದಿನವೂ ಗಂಡನನ್ನು ಮಗ್ಗುಲು ಬದಲಿಸಿ, ಎತ್ತಿ ಒರೆಸಿ ಮಣಿಕಟ್ಟು ಉಳುಕಿತ್ತು.

"ಅವರ ಭಾರ ನಂಗೆ ಭಾರ ಅಲ್ಲ ಅಂಬುಜಕ್ಕ" ಎಂದಳು ಮೆಲ್ಲಗೆ. "ನಾನು ಎತ್ತುವಾಗ ಮುಖ ಆ ಕಡೆ ತಿರುಗಿಸ್ಕೋತಾರೆ ನೋಡು, ಅದನ್ನ ತಡ್ಕೊಳಕ್ಕಾಗಲ್ಲ."

ಅಂಬುಜಮ್ಮ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟಳು.

ಮಾರನೆಯ ದಿನವೇ ಅವಳು ಪೇಟೆಗೆ ಹೋಗಿ ಒಂದು ಸೇಫ್ಟಿ ಬೆಲ್ಟು ತಂದಳು. ಹತ್ತಿರದ ಹೆಬ್ಬಾಳದ ಫ್ಯಾಕ್ಟರಿಗಳಲ್ಲಿ ಶೆಡ್ಡಿನ ಮೇಲೆ ಹತ್ತಿ ಕೆಲಸ ಮಾಡುವವರು ಹಾಕಿಕೊಳ್ಳುವಂಥದ್ದು, ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಗೆ ಕೊಕ್ಕೆ. ನಿಂಗಯ್ಯ ಅದನ್ನು ಎತ್ತಿ ಹಿಡಿದು ಹಿಂದೆ ಮುಂದೆ ನೋಡಿದ.

"ಇದೇನಮ್ಮಿ, ನನ್ನೇನು ಕರು ಅಂದ್ಕೊಂಡ್ಯಾ, ಕಟ್ಟಾಕಕ್ಕೆ?"

"ಸಿದ್ದಪ್ಪಾಜಿಯಣ್ಣನ್ನ ನೋಡ್ಕೊಂಡ್ ಬಂದ್ಮೇಲೂ ತಮಾಷೆನಾ?"

"ಕೇಳಿಲ್ಲಿ. ಮರದ ಮೇಲೆ ಹೆಜ್ಜೇನು ಎದ್ದರೆ ಸರಸರ ಇಳೀಬೇಕು. ಕಟ್ಕೊಂಡು ಕೂತ್ರೆ ಜೇನು ಬಿಡ್ತದಾ? ಕಡಿದ ಕೊಂಬೆ ಈ ಕಡೆಗೇ ವಾಲಿದ್ರೆ ಆ ಕಡೆ ಸರೀಬೇಕು. ಅದೂ ಅಲ್ದೆ, ಸೊಂಟಕ್ಕೆ ಹಗ್ಗ ಇದೆ ಅಂದ್ರೆ ಕಾಲಿಗೆ ಭಯ ಹೊಂಟೋಯ್ತದೆ. ನಂಗೆ ಆ ಭಯಾನೇ ಬೆಲ್ಟು."

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅವಳಿಗೆ ತಿರುಗಿ ಹೇಳಲು ತೋಚಲಿಲ್ಲ, ಯಾಕೆಂದರೆ ಅವಳು ಅವನ ಕೆಲಸವನ್ನು ನೋಡಿಯೇ ಇರಲಿಲ್ಲ. ಬೆಲ್ಟಿಗೆ ಮಾತ್ರ ಬೇರೆ ಕೆಲಸ ಸಿಕ್ಕಿತು. ಟೆಂಪೊದಲ್ಲಿ ಏಣಿ ಅಲುಗಾಡದಂತೆ ಬಿಗಿಯಲು ನಿಂಗಯ್ಯ ಅದನ್ನು ಬಳಸತೊಡಗಿದ. "ಭಲೇ ಗಟ್ಟಿ ಕಣೆ, ಒಳ್ಳೆ ಮಾಲು ತಂದಿದೀಯ" ಎಂದು ಬೇರೆ ಹೊಗಳಿದ! ಅವಳು ಅವತ್ತಿಡೀ ಅವನ ಜೊತೆ ಮಾತು ಬಿಟ್ಟಳು.

ಸರಸ್ವತಿಪುರಂನಲ್ಲಿ ನಿವೃತ್ತ ಟೀಚರು ಪ್ರೇಮಲೀಲಾ ಅವರ ಮನೆಯ ನೇರಳೆ ಮರವನ್ನು ಸವರುವ ಕೆಲಸ ಬಂದ ದಿನ, ಕೊಂಬೆ ಹೊರುವ ಆಳು ಕೈಕೊಟ್ಟ. ಕೆಳಗೆ ನಿಂತು ಹಗ್ಗ ಹಿಡಿಯಲು ನಿಂಗಯ್ಯನ ಅಕ್ಕನ ಮಗ ದಿಲೀಪನಿದ್ದ. ಅವನೊಬ್ಬನೇ ಹಗ್ಗವನ್ನೂ ಹಿಡಿದು ಟೆಂಪೊಗೂ ಹೇರಲಾರ.

"ನಾನು ಬತ್ತೀನಿ" ಎಂದಳು ಅಂಬುಜಮ್ಮ.

"ನೀನಾ? ಆಗಲ್ಲ ಕಣೆ."

"ಬುಡಕ್ಕೆ ಬರಲ್ಲ. ಗೇಟಿನ ಹೊರಗೆ ಟೆಂಪೊ ಹತ್ರ ಇರ್ತೀನಿ, ಆಯ್ತಾ?"

ಬೇರೆ ದಾರಿಯಿಲ್ಲದೆ ನಿಂಗಯ್ಯ ಒಪ್ಪಿದ. ಅವಳು ಮಾತಿನಂತೆ ಗೇಟಿನ ಹೊರಗೇ ನಿಂತಳು. ಆದರೆ ಕಾಂಪೌಂಡು ಅವಳ ಎದೆಯ ಮಟ್ಟಕ್ಕಿತ್ತು, ಕಣ್ಣಿಗೆ ಅಡ್ಡವೇನೂ ಇರಲಿಲ್ಲ.

ನಿಂಗಯ್ಯ ಮರಕ್ಕೆ ಕೈಮುಗಿದು, ಬರಿಗಾಲಲ್ಲಿ ಮೇಲೇರಿದ. ಎಷ್ಟು ಚೆನ್ನಾಗಿ ಏರಿದ! ಆ ವಯಸ್ಸಿನಲ್ಲೂ ಅವನ ಕೈಕಾಲು ಹಾಗೆ ಆಡುವುದನ್ನು ಕಂಡು ಅವಳಿಗೆ ಹೆಮ್ಮೆಯೇ ಆಯಿತು. ಮದುವೆಯ ಹೊಸತರಲ್ಲಿ ನೋಡಬೇಕಿತ್ತು ಇವರನ್ನ ಅಂದುಕೊಂಡಳು.

ಅಡುಗೆಮನೆಯ ಹಂಚಿನ ಮೇಲೆ ಒಂದು ದಪ್ಪ ಕೊಂಬೆ ಚಾಚಿತ್ತು. ನಿಂಗಯ್ಯ ಅದರ ನಡುವಿಗೆ ಹಗ್ಗ ಸುತ್ತಿದ, ಎಳೆದು ನೋಡಿದ, ಸಮಾಧಾನವಾಗದೆ ಬಿಚ್ಚಿ ಮತ್ತೆ ಕಟ್ಟಿದ. ಇನ್ನೊಂದು ತುದಿಯನ್ನು ಮೇಲಿನ ಕವಲಿಗೆ ಹಾಕಿ ದಿಲೀಪನ ಕೈಗೆ ಇಳಿಬಿಟ್ಟ. ಆಮೇಲೆ ಗರಗಸ ಆಡಿಸಿದ.

"ದಿಲೀಪ, ಮೆಲ್ಲಗೆ ಬುಡಪ್ಪ. ಮೆಲ್ಲಗೆ... ಒಂದು ಹಂಚೂ ಒಡೀಬಾರ್ದು. ಹಾಂ, ಅಂಗೇ..."

ಕೊಂಬೆ ತೂಗುತ್ತಾ ಕೆಳಗಿಳಿದು ಸದ್ದಿಲ್ಲದೆ ನೆಲ ಮುಟ್ಟಿತು. ಅದನ್ನು ಕಡಿದವನು ಮೇಲೆ ಒಂದು ಕವಲಿನಲ್ಲಿ ಬರಿಗಾಲು ಊರಿ, ಯಾವ ಆಸರೆಯೂ ಇಲ್ಲದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ನೇರಳೆಯೆಂದರೆ ಮೊದಲೇ ಪಟಕ್ಕನೆ ಮುರಿಯುವ ಜಾತಿ. ಅದನ್ನು ಅವಳಿಗೆ ಹೇಳಿದವನೂ ಅವನೇ.

ಅಂಬುಜಮ್ಮನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಸೌದೆಯಾಗಿ ಒಲೆಗೆ ಹೋಗುವ ಕೊಂಬೆಗೆ ಹಗ್ಗ, ಹಂಚಿಗೆ ಕಾಳಜಿ. ಈ ಮನುಷ್ಯನಿಗೆ ಮಾತ್ರ ಏನೂ ಇಲ್ಲ!

ಅವಳು ಟೆಂಪೊದಲ್ಲಿ ಏಣಿಯ ಕಟ್ಟು ಬಿಚ್ಚಿ ಬೆಲ್ಟನ್ನು ಎಳೆದುಕೊಂಡಳು. ಗೇಟು ತೆಗೆದು ಒಳಗೆ ನಡೆದು, ಮರದ ಬುಡದಲ್ಲಿ, ನಿಂಗಯ್ಯನ ನೇರ ಕೆಳಗೆ, ಸೆರಗು ಸುತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಳು.

"ಅತ್ತೆ! ಏನ್ ಮಾಡ್ತಿದೀರ? ಏಳಿ!" ದಿಲೀಪ ಗಾಬರಿಯಾದ.

ಮೇಲಿನಿಂದ ನಿಂಗಯ್ಯ ಕೂಗಿದ. "ಯಾರದು? ಅಂಬುಜ! ತಲೆ ಕೆಟ್ಟದಾ ನಿಂಗೆ? ಎದ್ದೋಗು ಅಲ್ಲಿಂದ, ಕೊಂಬೆ ಬಿದ್ದಾತು!"

"ಕೊಂಬೆ ಬೀಳಲ್ಲ ಬುಡಿ, ಅದಕ್ಕೆ ಹಗ್ಗ ಕಟ್ಟಿದೀರಲ್ಲ."

"ಅಪಶಕುನ ಕಣೆ!"

"ಸಿದ್ದಪ್ಪಾಜಿಯಣ್ಣನ ಹೆಂಡ್ತಿ ಎಂದಾದ್ರೂ ಬುಡಕ್ಕೆ ಹೋಗಿದ್ದಳಾ? ಇಲ್ವಲ್ಲ. ಈಗ ಹಾಸಿಗೆ ಹತ್ರ ಕೂತವ್ಳೆ."

ಸದ್ದು ಕೇಳಿ ಪ್ರೇಮಲೀಲಾ ಹೊರಗೆ ಬಂದವರು ಜಗಲಿಯ ಮೇಲೇ ನಿಂತುಬಿಟ್ಟರು. ಅಂಬುಜಮ್ಮ ತಲೆಯೆತ್ತಿದಳು. ಧ್ವನಿ ಏರಿಸಲಿಲ್ಲ.

"ನಾನು ಇಲ್ಲೇ ಕೂತಿರ್ತೀನಿ. ನೀವು ಬಿದ್ರೆ ನನ್ನ ಮೇಲೇ ಬೀಳಿ. ಆಮೇಲೆ ವರ್ಷಗಟ್ಟಲೆ ನಿಮ್ಮನ್ನ ಎತ್ತೋಳು ನಾನೇ ಅಲ್ವಾ? ನೀವು ಮುಖ ಆ ಕಡೆ ತಿರುಗಿಸ್ಕೊಳೋದನ್ನ ನೋಡಕ್ಕಿಂತ ಒಂದೇ ಸಲ ಇಲ್ಲೇ ಮುಗ್ದೋಗ್ಲಿ."

ಅವಳು ಬೆಲ್ಟನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು. ನಿಂಗಯ್ಯ ಕೈಯಲ್ಲಿದ್ದ ಗರಗಸವನ್ನು ಕೊಂಬೆಗೆ ಸಿಕ್ಕಿಸಿದ. ಆಮೇಲೆ ಅವನ ದನಿ ಕೇಳಿತು, ಅವನದಲ್ಲವೇನೋ ಎನ್ನುವಷ್ಟು ಸಣ್ಣಗೆ.

"ದಿಲೀಪ, ಅದನ್ನ ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಕಳ್ಸು."

ಬೆಲ್ಟು ಮೇಲೆ ಹೋಯಿತು. ಪಟ್ಟಿ ಎಲ್ಲಿ, ಕೊಕ್ಕೆ ಎಲ್ಲಿ ಎಂದು ತಿಳಿಯದೆ ನಿಂಗಯ್ಯ ತಡವರಿಸಿದ. ಅಂಗಡಿಯವನು ಹೇಳಿಕೊಟ್ಟಿದ್ದನ್ನು ಅಂಬುಜಮ್ಮ ಕೆಳಗಿನಿಂದಲೇ ಒಂದೊಂದಾಗಿ ಹೇಳಿದಳು. ಕೊಕ್ಕೆ ಗಟ್ಟಿ ಕವಲನ್ನು ಬಳಸಿ ಕಟಕ್ಕನೆ ಕೂತ ಮೇಲೆಯೇ ಅವಳು ಎದ್ದು ದೂರ ಸರಿದದ್ದು. ಮಿಕ್ಕ ಕೊಂಬೆಗಳು ಹಂಚಿನ ಮೇಲಿಂದ ಒಂದೊಂದಾಗಿ ಇಳಿದವು. ಅವಳೂ ಒಂದೊಂದಾಗಿ ಎಳೆದು ಟೆಂಪೊಗೆ ಹಾಕಿದಳು.

ಕೆಲಸ ಮುಗಿಸಿ ಇಳಿದ ನಿಂಗಯ್ಯ ಸಿಡುಕಲಿಲ್ಲ, ರೇಗಲಿಲ್ಲ. ಬೆಲ್ಟು ಬಿಚ್ಚದೆ ಮರಕ್ಕೆ ಒರಗಿ ನಿಂತ. ಅವಳೇ ಹತ್ತಿರ ಬಂದು ಪಟ್ಟಿ ಸಡಿಲಿಸಿದಳು.

"ಸುಸ್ತಾಯ್ತಾ?"

"ಇಲ್ಲ ಕಣೆ." ಅವನು ಅವಳ ಮುಖವನ್ನೇ ನೋಡಿದ. "ನಾನು ಯಾವತ್ತೂ ಮರದ ಮೇಲಿಂದ ಕೆಳಗೆ ಹಗ್ಗ, ಕೊಂಬೆ ಬಿಟ್ಟು ಬೇರೇನೂ ನೋಡಿದೋನಲ್ಲ. ಇವತ್ತು ನೀನು ಕೂತಿದ್ಯಲ್ಲ, ನೋಡ್ಬುಟ್ಟೆ. ಎಷ್ಟು ಎತ್ತರ ಇತ್ತು ಅಂಬುಜ... ನೀನು ಇಷ್ಟೇ ಇಷ್ಟು ಕಾಣ್ತಿದ್ದೆ."

ಅವಳಿಗೆ ಅಳು ಬಂತು. ಪ್ರೇಮಲೀಲಾ ಟೀಚರು ಮಜ್ಜಿಗೆ ತಂದದ್ದರಿಂದ ಲೋಟದ ಮರೆಯಲ್ಲಿ ಹೇಗೋ ಸುಧಾರಿಸಿಕೊಂಡಳು.

ಗೇಟಿನ ಪಕ್ಕದ ಬೇವಿನ ಮರವೊಂದು ಬಾಕಿಯಿತ್ತು. ಅದರಲ್ಲಿ ಒಣಗಿದ ಒಂದೆರಡು ಕೊಂಬೆ ತೆಗೆಯುವ ಸಣ್ಣ ಕೆಲಸ. ದಿಲೀಪ ಲುಂಗಿ ಎತ್ತಿ ಕಟ್ಟಿ, "ಮಾವ, ನೀವು ಕೂತ್ಕೊಳಿ. ಇದನ್ನ ನಾನು ಚಕ್ ಅಂತ ಮುಗಿಸ್ಬುಡ್ತೀನಿ" ಎಂದು ಮರಕ್ಕೆ ಕಾಲಿಟ್ಟ.

ನಿಂಗಯ್ಯ ಅವನ ಅಂಗಿ ಹಿಡಿದು ಕೆಳಗೆಳೆದ. ಬೆಲ್ಟನ್ನು ಅವನ ಸೊಂಟಕ್ಕೆ ಸುತ್ತಿ, ಎಳೆದು ನೋಡಿ, ಸಮಾಧಾನವಾಗದೆ ಬಿಚ್ಚಿ ಮತ್ತೆ ಕಟ್ಟಿದ.

"ಅಯ್ಯೋ ಮಾವ, ಇಷ್ಟು ಗಿಡ್ಡ ಮರಕ್ಕೆ ಇದ್ಯಾಕೆ? ಯಾರಾದ್ರೂ ನೋಡಿದ್ರೆ ನಗ್ತಾರೆ."

"ಸುಮ್ನೆ ಹತ್ತೋ" ಎಂದ ನಿಂಗಯ್ಯ, ಕೊಕ್ಕೆಯನ್ನು ಅವನ ಕೈಗಿಡುತ್ತಾ. "ಇಲ್ಲಾಂದ್ರೆ ಈಗ್ಲೇ ಫೋನ್ ಮಾಡಿ ನಿನ್ನ ಹೆಂಡ್ತಿ ನಯನಾನ ಕರೆಸಿ ಇಲ್ಲಿ ಬುಡದಲ್ಲಿ ಕೂರಿಸ್ತೀನಿ."