ಮೈದುನನ ಬಲಗಾಲು

ಎತೇರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಜೀವವೆಲ್ಲ ಕಿವಿಯಲ್ಲಿತ್ತು. ಸೊಸೆ ನತೇಲಾ ಅವಳ ರಟ್ಟೆಗೆ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿ, ಗುಂಡಿ ಒತ್ತಿ, ಮಂಚದ ಅಂಚಿಗೆ ಕೂತಳು. ಯಂತ್ರ ಗುಂಯ್‌ಗುಟ್ಟಿ ತೋಳನ್ನು ಹಿಂಡಿತು, ಆಮೇಲೆ ಉಸ್ಸೆಂದು ಬಿಟ್ಟುಕೊಟ್ಟಿತು.

"ಎಷ್ಟಿದೆ ಅತ್ತಿಗೆ?" ಬಾಗಿಲಲ್ಲಿ ನಿಂತಿದ್ದ ಗೋಚಾ ಕೇಳಿದ.

"ಜಾಸ್ತಿನೇ ಇದೆ. ಆಸ್ಪತ್ರೆಗೆ ಕರ್ಕೊಂಡು ಹೋಗೋದು ಒಳ್ಳೇದು."

"ಹಾಗಾದ್ರೆ ಇವತ್ತಿನ ಕೆಲಸ..."

"ಇವತ್ತು ಎಲ್ಲಾಗುತ್ತೆ? ರಬ್ಬಿಗಳ ಕೋರ್ಟಿಗೆ ಫೋನ್ ಮಾಡಿ ಹೇಳ್ಬಿಡು, ಅಮ್ಮನಿಗೆ ಹುಷಾರಿಲ್ಲ ಅಂತ."

ಮಗ ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ಎತೇರಿಗೆ ಕೇಳಿಸಿತು. ಪಾಪ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಧರ್ಮಗುರುಗಳಾದ ರಬ್ಬಿಗಳು ಹೇಳಿದ ಹಾಗೆ ಬಲಗಾಲಿನ ಉಗುರು ಕತ್ತರಿಸಿಕೊಂಡು ಬಂದಿದ್ದ. ಈಗ ಆ ಅಂಗಿಯಲ್ಲೇ ತನ್ನ ಟೈರಿನ ಅಂಗಡಿಗೆ ಹೋಗುತ್ತಾನೆ. ನತೇಲಾ ಎದ್ದು ಆಸ್ಪತ್ರೆಗೆ ಬೇಕಾದ ಚೀಲ ತುಂಬತೊಡಗಿದಳು. ಅವಳ ಕೈಯ ಸಪ್ಪಳದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಎತೇರಿಗೆ ಅನ್ನಿಸಿತು.

ಹೀಗೆ ತಪ್ಪಿಹೋದದ್ದು ಇದು ಮೂರನೆಯ ಸಲ.

ಎತೇರಿಯ ಹಿರಿಮಗ ಮೆರಾಬ್ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಯಹೂದಿ ಶಾಸ್ತ್ರದಲ್ಲಿ ಮಕ್ಕಳಿಲ್ಲದೆ ಗಂಡ ಸತ್ತರೆ ಹೆಂಡತಿ ಮೈದುನನಿಗೆ ಕಟ್ಟುಬಿದ್ದವಳು. ಅವನು ಕಟ್ಟು ಬಿಡಿಸುವ ತನಕ ಅವಳಿಗೆ ಇನ್ನೊಂದು ಮದುವೆಯಿಲ್ಲ. ಮೈದುನನೇ ಅವಳನ್ನು ಮದುವೆಯಾಗುತ್ತಿದ್ದ ಕಾಲ ಯಾವತ್ತೋ ಹೋಯಿತು. ಉಳಿದದ್ದು ಬಿಡುಗಡೆಯ ಶಾಸ್ತ್ರ ಮಾತ್ರ: ಐವರು ನ್ಯಾಯಾಧೀಶ ರಬ್ಬಿಗಳ ಎದುರು ಅವಳು ಅವನ ಬಲಗಾಲಿನ ಜೋಡು ಬಿಚ್ಚಿ ಎಸೆಯಬೇಕು, ಅವನ ಮುಂದೆ ನೆಲಕ್ಕೆ ಉಗಿಯಬೇಕು. ಅಷ್ಟಾದರೆ ಅವಳ ದಾರಿ ಅವಳಿಗೆ. ಮೈದುನ ಹಟ ಹಿಡಿದರೆ ಅವನನ್ನು ಜೈಲಿಗೆ ಹಾಕಿಸುವ ಅಧಿಕಾರವೂ ಆ ರಬ್ಬಿಗಳಿಗಿತ್ತು. ಆದರೆ ನತೇಲಾ ಒಂದು ಮಾತಿನ ದೂರು ಕೊಡಲಿಲ್ಲ. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಗೋಚಾ ಮೀಸೆ ಮೂಡದ ಹುಡುಗ. ಅವನ ಬುತ್ತಿ ಕಟ್ಟಿದವಳು, ಸೈನ್ಯದಿಂದ ರಜೆಗೆ ಬಂದಾಗ ಅವನು ತರುತ್ತಿದ್ದ ಬಟ್ಟೆಯ ಗಂಟು ಒಗೆದವಳು ಅವಳೇ.

ಜಾರ್ಜಿಯಾದಿಂದ ಬಂದ ಯಹೂದಿಗಳೇ ತುಂಬಿದ್ದ ಆಶ್ದೋದಿನ ಆ ಬೀದಿಯಲ್ಲಿ, ನಾಲ್ಕನೇ ಮಹಡಿಯಲ್ಲಿ, ಅತ್ತೆಯ ಬಾಗಿಲಿಗೆ ಎದುರಾಗಿ ಸೊಸೆಯ ಬಾಗಿಲು. ನತೇಲಾಗೆ ಮದುವೆ ಉಡುಪಿನ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ. ಮದುಮಗಳ ಸೊಂಟ ಬಿಗಿ ಮಾಡುವುದು, ಉಡುಪಿನ ಅಂಚು ಮಡಿಸುವುದು, ಮದುವೆಗೆ ಮುಂಚೆಯೇ ಹೊಟ್ಟೆ ಬಂದವಳಿಗೆ ಗುಟ್ಟಾಗಿ ಎರಡು ಬೆರಳು ಬಿಡುವುದು. ಅಲ್ಲಿಗೆ ಬಟ್ಟೆಯ ಥಾನು ತಂದು ಹಾಕುತ್ತಿದ್ದ ರಹಮೀಮ್ ಅವಳನ್ನು ಮದುವೆಗೆ ಕೇಳಿದ್ದ. ನಲವತ್ತು ದಾಟಿದ ಬ್ರಹ್ಮಚಾರಿ, ಮಾತು ಕಡಿಮೆ. ಒಂದು ಸಾಯಂಕಾಲ ಮಿಠಾಯಿ ಡಬ್ಬಿ ಹಿಡಿದು ಎತೇರಿಯ ಮನೆಗೂ ಬಂದ. ಎತೇರಿ ಅಡಿಕೆ ಗಾತ್ರದ ಚೆರ್ರಿಗಳ ಮುರಬ್ಬ ಹಾಕಿ ಚಹಾ ಕೊಟ್ಟಳು, ನಕ್ಕಳು, ಮಾತಿಗೊಮ್ಮೆ "ನನ್ನ ಸೊಸೆ, ನನ್ನ ಸೊಸೆ" ಅಂದಳು. ಅವನು ಹೋದಮೇಲೆ ಡಬ್ಬಿಯನ್ನು ಬಿಚ್ಚದೆ ಕೆಳಮನೆಯ ಮಕ್ಕಳಿಗೆ ಕೊಟ್ಟಳು.

ಮೊದಲ ಸಲ ರಬ್ಬಿಗಳು ದಿನ ಗೊತ್ತು ಮಾಡಿದಾಗ ಅವಳಿಗೆ ನಿಜವಾಗಿಯೇ ಎದೆ ಹೊಡೆದುಕೊಂಡಿತ್ತು. "ಜೋಡು ಬಿಚ್ಚಿದ ದಿನ ಮೆರಾಬನ ಮನೆ ಮುಚ್ಚಿತು, ಅವನ ಹೆಸರು ಹೇಳೋರು ಯಾರಿದ್ದಾರೆ?" ಎಂದು ಗೋಚಾನ ಮುಂದೆ ಅತ್ತಿದ್ದಳು. ಅದೂ ಸುಳ್ಳಲ್ಲ. ಆದರೆ ಆ ದಿನಗಳಲ್ಲಿ ಒತ್ತಡದ ಮಾತ್ರೆಯನ್ನು ನಾಲಗೆಯ ಅಡಿ ಇಟ್ಟುಕೊಂಡು, ನತೇಲಾ ಆಚೆ ತಿರುಗಿದಾಗ ಬಾಲ್ಕನಿಯ ಹೂಕುಂಡಕ್ಕೆ ಉಗಿದು ಬಂದಾಗ ಅವಳು ನೆನೆದದ್ದು ಮೆರಾಬನನ್ನಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಎದುರುಬಾಗಿಲು ತೆರೆಯುವ ಸದ್ದನ್ನು. ತಲೆಗೆ ಸ್ನಾನ ಮಾಡಿಸಿ ಜಡೆಯ ಸಿಕ್ಕು ಬಿಡಿಸುವ ಆ ಬೆರಳುಗಳನ್ನು. ಗೋಚಾನ ಹೆಂಡತಿ ಒಳ್ಳೆಯವಳೇ, ಆದರೆ ಅವಳು ವಾರಕ್ಕೊಮ್ಮೆ ಬಂದು ಗಡಿಯಾರ ನೋಡುವವಳು.

ಎರಡನೆಯ ಸಲವೂ ಹಾಗೇ ಮಾಡಿದಳು. ಮೂರನೆಯದು ಈಗ, ಈ ಚಳಿಗಾಲದಲ್ಲಿ.

ಚಳಿ ಕಳೆದು, ಬೇಸಗೆಯೂ ಕಳೆದು, ಯಹೂದಿಗಳ ಹೊಸವರ್ಷದ ಹಬ್ಬ ಬಂತು. ಗೋಚಾ ಹೆಂಡತಿ ಮಕ್ಕಳೊಂದಿಗೆ ಉಳಿಯಲು ಬಂದ. ನತೇಲಾ ಎರಡು ದಿನ ಮೊದಲೇ ಅಕ್ರೋಟು ಅರೆದು ಕೋಳಿಯ ಸಾರು ಮಾಡಿಟ್ಟಿದ್ದಳು, ಬೀಟ್‌ರೂಟಿನ ಸೊಪ್ಪು ಬೇಯಿಸಿ ಉಂಡೆ ಕಟ್ಟಿದ್ದಳು. ದಾಳಿಂಬೆ, ಜೇನಿನಲ್ಲಿ ಅದ್ದಿದ ಸೇಬು, ತಟ್ಟೆಯ ನಡುವೆ ಕಣ್ಣು ಬಿಟ್ಟುಕೊಂಡ ಮೀನು. ಮೆರಾಬ್ ಹೋದಮೇಲೆ ಮೇಜಿನ ತುದಿಗೆ ಯಜಮಾನನ ಜಾಗದಲ್ಲಿ ಕೂರುವವನು ಗೋಚಾ. ಅವನು ಒಂದೊಂದನ್ನೇ ಎತ್ತಿ ಹಿಡಿದು ಹಾರೈಕೆ ಓದಿದ. ಮೀನಿನ ತುಂಡು ಹಿಡಿದಾಗ, "ಮೀನಿನ ಹಾಗೆ ನಾವು ಹೆಚ್ಚಲಿ, ನಮ್ಮ ಮನೆ ತುಂಬಲಿ" ಅಂದ. ಎಲ್ಲರೂ "ಆಮೆನ್" ಅಂದರು. ನತೇಲಾ ಎಲ್ಲರಿಗಿಂತ ಸ್ಪಷ್ಟವಾಗಿ ಅಂದಳು.

ಊಟ ಮುಗಿದು ಮಕ್ಕಳು ಬಾಲ್ಕನಿಗೆ ಓಡಿದರು. ಅಡುಗೆಮನೆಯಲ್ಲಿ ನತೇಲಾ ತಟ್ಟೆಗಳ ಮುಳ್ಳು ಒಂದೆಡೆ ಮಾಡುತ್ತಿದ್ದಳು. ಎತೇರಿ ಅವಳ ಪಕ್ಕ ನಿಂತು ಬಟ್ಟಲು ಒರೆಸುತ್ತಿದ್ದಳು.

"ಮುಖ ಯಾಕೆ ಹೀಗಿದೆ? ಹಬ್ಬದ ದಿನ. ಏನೂ ತಿನ್ನಲಿಲ್ಲ ನೀನು," ಅಂದಳು ಎತೇರಿ.

"ತಿಂದೆ ಅತ್ತೆ."

"ಆ ರಹಮೀಮ್ ಏನಾದ್ರೂ ಅಂದ್ನಾ?"

"ಅವರು ಪಸ್ಕ ಹಬ್ಬದ ಮುಂಚೇನೇ ಹೋದ್ರಲ್ಲ, ಆರು ತಿಂಗಳ ಮೇಲಾಯ್ತು. ಅವರಿಗೆ ಮಗು ಬೇಕಿತ್ತು. ಕಾದ್ರು, ಪಾಪ, ಕಾಯೋಷ್ಟು ಕಾದ್ರು. ಬೇರ್‌ಶೇವಾದಲ್ಲಿ ಯಾರನ್ನೋ ಮದುವೆಯಾಗಿದ್ದಾರೆ. ಅವಳ ಉಡುಪಿನ ತೋಳು ಗಿಡ್ಡ ಮಾಡಿ ಕೊಟ್ಟವಳು ನಾನೇ."

ಎತೇರಿ ಬಟ್ಟಲನ್ನು ಕೆಳಗಿಟ್ಟಳು. "ನನಗೆ ಹೇಳಲೇ ಇಲ್ಲ."

"ಏನಂತ ಹೇಳಲಿ?" ನತೇಲಾ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನೊಳಗೇ, ತರಕಾರಿ ಬೆಲೆ ಹೇಳುವ ದನಿಯಲ್ಲಿ ಅಂದಳು, "ನನಗೆ ಮುಟ್ಟು ನಿಂತಿದೆ ಅತ್ತೆ. ಡಾಕ್ಟರ್ ನೋಡಿದ್ರು. ಇನ್ನಿಲ್ಲ ಅಂದ್ರು. ಕೆಲವರಿಗೆ ಬೇಗ ನಿಲ್ಲುತ್ತಂತೆ."

ಬಾಲ್ಕನಿಯಲ್ಲಿ ಮಕ್ಕಳು ಕಿತ್ತಾಡುತ್ತಿದ್ದರು. ಗೋಚಾ ಗದರಿದ. ಎತೇರಿಗೆ ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು, "ದೇವರು ದೊಡ್ಡವನು" ಎಂಬ ಮಾತು. ಅದನ್ನು ನುಂಗಿದಳು.

"ನನ್ನ ಆರೋಗ್ಯ ಸರಿ ಇದ್ದಿದ್ರೆ..." ಎಂದು ಶುರು ಮಾಡಿದಳು.

ನತೇಲಾ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡಳು. "ಬಾಲ್ಕನಿಯ ಗಿಡಕ್ಕೆ ನೀರು ಹಾಕೋದು ನಾನಲ್ವಾ ಅತ್ತೆ," ಅಂದಳು.

ಎತೇರಿ ಕುರ್ಚಿ ಹುಡುಕಿ ಕೂತಳು.

"ಮಾತ್ರೆಗಳು ಮೊದಲನೇ ಸಲವೇ ಸಿಕ್ವು. ಅರ್ಧ ಕರಗಿದ್ವು, ಮಣ್ಣು ಬೆಳ್ಳಗಾಗಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಾ? ಗೊತ್ತಿದ್ದೂ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ಯಾ?"

"ಒತ್ತಡ ನಿಜವಾಗ್ಲೂ ಜಾಸ್ತಿ ಇತ್ತಲ್ಲ. ಸಾಯೋಕೆ ಬಿಡಲಾ?" ನತೇಲಾ ಮೊದಲ ಬಾರಿ ಅತ್ತೆಯ ಮುಖ ನೋಡಿದಳು. "ನೀವಾಗೇ ನಿಲ್ಲಿಸ್ತೀರಿ ಅಂದ್ಕೊಂಡಿದ್ದೆ. ಮಗ ಸತ್ತ ತಾಯಿ, ಇನ್ನೊಂದು ಸ್ವಲ್ಪ ದಿನ ಹೋಗ್ಲಿ ಅಂದ್ಕೊಂಡೆ. ಹಾಗೇ ಹೋಯ್ತು."

ಅವಳು ಮೀನಿನ ಮುಳ್ಳಿನ ಪೊಟ್ಟಣ ಕಟ್ಟಿ ಬುಟ್ಟಿಗೆ ಹಾಕಿ, ದೊಡ್ಡ ಪಾತ್ರೆಯನ್ನು ತೊಳೆಯಲು ಎತ್ತಿಕೊಂಡಳು. ಅದನ್ನು ತಿಕ್ಕಿ ಮುಗಿಸಿ ಬೋರಲು ಹಾಕಿದಳು.

ಹಬ್ಬ ಕಳೆದ ಮೇಲೆ ಎತೇರಿ ಮಗನ ಅಂಗಡಿಗೆ ತಾನೇ ಬಸ್ಸು ಹತ್ತಿ ಹೋದಳು. ಗೋಚಾ ಕಾರಿನ ಕೆಳಗಿನಿಂದ ಹೊರಬಂದು ಗಾಬರಿಯಾಗಿ ಕೈ ಒರೆಸಿಕೊಂಡ.

"ರಬ್ಬಿಗಳಿಗೆ ಹೇಳು. ದಿನ ಗೊತ್ತು ಮಾಡ್ಲಿ."

"ಈಗ ಯಾಕಮ್ಮ? ಆ ಮನುಷ್ಯನೇ ಹೋದನಲ್ಲ. ಯಾರಿಗೋಸ್ಕರ?"

"ನಿನಗೂ ಗೊತ್ತಿತ್ತಾ, ಅವನು ಹೋಗಿದ್ದು?"

ಗೋಚಾ ಕೈಯಲ್ಲಿದ್ದ ಸ್ಪ್ಯಾನರನ್ನು ಅತ್ತಿತ್ತ ತಿರುಗಿಸಿದ. "ಗೊತ್ತಿತ್ತು. ಅತ್ತಿಗೆ ಏನೂ ಕೇಳ್ತಿಲ್ಲ ಅಂತ... ನಾನೇ ಯಾಕೆ ಕೆದಕಲಿ ಅಂತ. ಅಮ್ಮ, ನಿನಗೆ ಗೊತ್ತಿಲ್ಲ, ಅದು ಹೇಗಿರುತ್ತೆ ಅಂತ. ಐದು ಜನ ಗಡ್ಡದವರ ಮುಂದೆ ಉಗುಳಿಸಿಕೊಳ್ಳಬೇಕು. ನಾಳೆ ಈ ಬೀದೀಲಿ ನನ್ನ ಹೆಸರಿನ ಮುಂದೆ ಏನು ಸೇರಿಸ್ತಾರೆ ಗೊತ್ತಾ? ಜೋಡು ಬಿಚ್ಚಿಸಿಕೊಂಡವನು ಅಂತಾರೆ."

ಪ್ರತಿಸಲ ತಾನು ಮಲಗಿದಾಗ ಬಾಗಿಲಲ್ಲಿ ಕೇಳಿಸಿದ ಆ ಉಸಿರು ಎತೇರಿಗೆ ಈಗ ಪೂರ್ತಿ ಅರ್ಥವಾಯಿತು. ತಾಯಿ ಮಗ ಇಬ್ಬರೂ ಸೇರಿ, ಒಂದು ಮಾತೂ ಆಡಿಕೊಳ್ಳದೆ, ಮಾಡಿದ ಕೆಲಸ.

"ಅಂದ್ರೆ ಅನ್ನಲಿ ಕಣೋ," ಅಂದಳು. "ಅವಳ ಬುತ್ತಿ ಉಂಡಿದ್ದೀಯ."

ಬಾಲ್ಕನಿಗಳಲ್ಲಿ ಗರಿಯ ಗುಡಿಸಲು ಹಾಕುವ ಪರ್ಣಶಾಲೆಯ ಹಬ್ಬ ಮುಗಿದು ಅವುಗಳ ಒಣಗರಿ ಬೀದಿಗೆ ಬಿದ್ದಿದ್ದ ದಿನಗಳಲ್ಲಿ ಅವರು ಮೂವರೂ ಕೋರ್ಟಿಗೆ ಹೋದರು. ನತೇಲಾ ತಾನೇ ಹೊಲಿದುಕೊಂಡ ಬೂದು ಉಡುಪಿನಲ್ಲಿದ್ದಳು. ಶಾಸ್ತ್ರದ ಪ್ರಕಾರ ಬೆಳಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಎತೇರಿಯೂ ಒಳಗೆ ಬರಬಹುದೇ ಎಂದು ಗುಮಾಸ್ತ ಅನುಮಾನಿಸಿದ. ಹಿರಿಯ ರಬ್ಬಿ, "ತಾಯಿ ಅಲ್ವಾ, ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಲಿ" ಅಂದರು.

ಗೋಚಾನ ಬಲಗಾಲನ್ನು ಬೇಸಿನ್ನಿನಲ್ಲಿ ತೊಳೆದರು. ಕೋರ್ಟಿನದೇ ಒಂದು ಚರ್ಮದ ಜೋಡು; ಎಷ್ಟು ಜನರ ಕಾಲು ಕಂಡಿತ್ತೋ, ಮಾಸಿ ಕರ್ರಗಾಗಿತ್ತು. ಅದನ್ನು ತೊಡಿಸಿ, ಪಟ್ಟಿಗಳನ್ನು ಕಣಕಾಲಿಗೆ ಸುತ್ತಿ ಗಂಟು ಹಾಕಿ, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಅವನು ಗೋಡೆಗೆ ಒರಗಿ, ಕಾಲನ್ನು ನೆಲಕ್ಕೆ ಒತ್ತಿ ನಿಂತ. ರಬ್ಬಿ ಹೇಳಿಕೊಟ್ಟ ಮಾತನ್ನು ನತೇಲಾ ಹೇಳಿದಳು: ಅಣ್ಣನ ಹೆಸರು ಉಳಿಸಲು ನನ್ನ ಮೈದುನ ಒಪ್ಪಲಿಲ್ಲ. ಗೋಚಾ ಹೇಳಿದ: ಇವಳನ್ನು ಮದುವೆಯಾಗಲು ನನಗೆ ಮನಸ್ಸಿಲ್ಲ. ಅವನ ದನಿ ಮಧ್ಯದಲ್ಲಿ ಒಡೆಯಿತು; ರಬ್ಬಿ ಇನ್ನೊಮ್ಮೆ ಹೇಳಿಸಿದರು.

ನತೇಲಾ ಮಂಡಿಯೂರಿದಳು. ಬಲಗೈ ಒಂದರಲ್ಲೇ ಗಂಟು ಬಿಚ್ಚಬೇಕು. ಸೂಜಿ ಹಿಡಿದು ಪಳಗಿದ ಬೆರಳು, ಒಂದೊಂದೇ ಸುತ್ತು ಬಿಡಿಸಿತು. ಎಡಗೈಯಲ್ಲಿ ಹಿಮ್ಮಡಿ ಎತ್ತಿ ಜೋಡು ಎಳೆದು ಆಚೆ ಎಸೆದಳು. ಅದು ಬೆಂಚಿನ ಕಾಲಿಗೆ ಬಡಿದು ಮಗುಚಿಕೊಂಡಿತು. ಎದ್ದು ನಿಂತಳು.

"ಈಗ ಉಗೀಬೇಕು ತಾಯಿ. ಅವರ ಎದುರಿಗೆ, ನೆಲಕ್ಕೆ. ನಮಗೆಲ್ಲ ಕಾಣೋ ಹಾಗೆ."

ನತೇಲಾ ಬಾಯಿ ಮುಂದೆ ಮಾಡಿದಳು. ಏನೂ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಬರಿ ಗಾಳಿ.

"ಅವಸರ ಇಲ್ಲ," ಅಂದರು ರಬ್ಬಿ.

ಐವರೂ ನೆಲವನ್ನೇ ನೋಡುತ್ತಿದ್ದರು. ಬರಿಗಾಲಲ್ಲಿ ನಿಂತ ಗೋಚಾ ಕಣ್ಣು ಮುಚ್ಚಿಕೊಂಡ. ನತೇಲಾ ಅವನ ಮುಖ ನೋಡಿದಳು. "ಆಗ್ತಿಲ್ಲ," ಅಂದಳು ಮೆಲ್ಲಗೆ, "ಇವನ ಮುಂದೆ ಆಗ್ತಿಲ್ಲ." ರಬ್ಬಿಗಳು ತಮ್ಮತಮ್ಮಲ್ಲಿ ಪಿಸುಗುಟ್ಟಿಕೊಂಡರು. ಇದಿಲ್ಲದೆ ಪೂರ್ತಿಯಾಗದು, ಇನ್ನೊಂದು ದಿನ ನೋಡೋಣವೇ ಎಂದು ಯಾರೋ ಅಂದದ್ದು ಎತೇರಿಗೆ ಕೇಳಿಸಿತು.

ಇನ್ನೊಂದು ದಿನ. ಅದನ್ನು ಕೇಳಿದೊಡನೆ ಎದೆಯ ಮೂಲೆಯಲ್ಲೆಲ್ಲೋ ಹಳೆಯ ಆಸೆಯೊಂದು ತಲೆಯೆತ್ತಿದ್ದನ್ನು ಅವಳು ಕಂಡಳು. ನಾಚಿಕೆಯಿಂದ ಮೈ ಬಿಸಿಯಾಯಿತು. ಬೆಂಚು ಹಿಡಿದು ಎದ್ದು ನಿಂತಳು.

"ನತೇಲಾ."

ಗುಮಾಸ್ತ ಕೈ ಎತ್ತಿ ಸುಮ್ಮನಿರಿಸಲು ನೋಡಿದ.

"ನತೇಲಾ, ಅವನ ಮುಖ ನೋಡಬೇಡ. ನನ್ನ ನೆನಸ್ಕೊಂಡು ಉಗಿಯೇ ಮಗಳೇ."

ಸೊಸೆ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖದ ಮೇಲೆ, ಮೆರಾಬ್ ಸತ್ತಾಗಲೂ ಎತೇರಿ ಕಾಣದಿದ್ದ ಸಿಟ್ಟೊಂದು ಬಂದು ಹಾಗೇ ನಿಂತಿತು. ಆಮೇಲೆ ಮೈದುನನ ಕಡೆ ತಿರುಗಿ, ನೆಲಕ್ಕೆ ಉಗಿದಳು.

"ಕಂಡಿತು," ಅಂದರು ಹಿರಿಯ ರಬ್ಬಿ. ಅಣ್ಣನ ಮನೆ ಕಟ್ಟದವನಿಗೆ ಹೀಗಾಗಲಿ ಎಂಬ ಕೊನೆಯ ಮಾತನ್ನು ಅವಳು ತಡವರಿಸದೆ ಹೇಳಿದಳು. "ಜೋಡು ಬಿಚ್ಚಿಸಿಕೊಂಡವನು," ಎಂದು ಎಲ್ಲರೂ ಒಟ್ಟಾಗಿ ಮೂರು ಸಲ ಕೂಗಿದರು. ಎತೇರಿಯೂ ಕೂಗಿದಳು.

ಗೋಚಾ ಕಾರು ತರಲು ಮೊದಲೇ ಇಳಿದುಹೋದ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಕಲ್ಲಿನ ಮೆಟ್ಟಿಲು ಕಡಿದಾಗಿದ್ದವು, ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಎತೇರಿ ಮೇಲೆಯೇ ನಿಂತಳು. ನತೇಲಾ ಆಗಲೇ ಅರ್ಧ ಇಳಿದಿದ್ದವಳು ತಿರುಗಿ ನೋಡಿ, ಮೇಲೆ ಬಂದು, ಅತ್ತೆಯ ಮೊಣಕೈ ಹಿಡಿದಳು. ಒಂದೊಂದೇ ಮೆಟ್ಟಿಲು ಇಳಿದರು.

"ಹೈಫಾದಲ್ಲಿ ಒಂದು ಅಂಗಡಿ ಇದೆ," ಅಂದಳು ನತೇಲಾ, ಕಾಲಿನ ಕಡೆ ನೋಡುತ್ತಲೇ. "ಬಾ ಅಂದಿದ್ದಾರೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀನಿ. ಮಾತ್ರೆ ಕೊಡೋಕೆ ಒಬ್ಬ ಹುಡುಗಿಗೆ ಹೇಳಿದೀನಿ, ಒಳ್ಳೆಯವಳು."

"ಹಬ್ಬಕ್ಕೆ ಬರ್ತೀಯಲ್ಲ?"

ನತೇಲಾ ಮೊಣಕೈಯನ್ನು ಸರಿಯಾಗಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು. ಕೊನೆಯ ಮೆಟ್ಟಿಲು ಬಂತು. "ನೆಲ ಬಂತು ಅತ್ತೆ," ಅಂದು ಕೈ ಬಿಟ್ಟಳು. ರಸ್ತೆಯ ಎರಡೂ ಕಡೆ ನೋಡಿ ಆಚೆ ದಾಟಿದಳು, ಬಸ್ ನಿಲ್ದಾಣದ ನೆರಳಿಗೆ ಹೋಗಿ ನಿಂತಳು. ಚೀಲದಿಂದ ನೀರಿನ ಬಾಟಲಿ ತೆಗೆದು, ತಲೆ ಹಿಂದಕ್ಕೆ ಬಾಗಿಸಿ, ಒಂದೇ ಸಮನೆ ಕುಡಿದಳು.

ಗೋಚಾ ಕಾರು ತಂದು ನಿಲ್ಲಿಸಿ, ಒಳಗಿನಿಂದ ಬಾಗಿಲು ತಳ್ಳಿ ತೆರೆದ. ಎತೇರಿ ಕಲ್ಲುಹಾಸಿನ ಮೇಲೆ ನಿಂತೇ ಇದ್ದಳು. ಯಾರೋ ಹಿಡಿದುಕೊಳ್ಳಲಿ ಎಂಬಂತೆ ಅವಳ ಮೊಣಕೈ ಮೈಯಿಂದ ಸ್ವಲ್ಪ ದೂರ, ಗಾಳಿಯಲ್ಲಿ, ಹಾಗೇ ಮಡಿಸಿಕೊಂಡಿತ್ತು.