ಪಾಪು ಅಳದ ಬೆಳಿಗ್ಗೆ

ನೆಬ್ರಾಸ್ಕದ ಮರಳುಗುಡ್ಡಗಳ ನಡುವೆ ನಮ್ಮ ಮನೆ, ನಮ್ಮ ದನಗಳ ಹುಲ್ಲುಗಾವಲು. ಶಾಲೆಯ ಬಸ್ಸು ಈ ಕಡೆ ಬರುವುದು ನಿಂತ ವರ್ಷದಿಂದ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಮಕ್ಕಳಿಬ್ಬರಿಗೂ ನಾನೇ ಪಾಠ ಹೇಳುತ್ತಿದ್ದೆ. ಕೊರಿನ್‌ಗೆ ಹನ್ನೊಂದು ವರ್ಷ, ವೆಲ್ಡನ್‌ಗೆ ಎಂಟು. ಮೂರನೆಯವಳು ಜುಡಿತ್ ಹುಟ್ಟಿ ಹನ್ನೆರಡು ದಿನವಾಗಿತ್ತು.

ಹೆರಿಗೆಗೆಂದು ನಿಲ್ಲಿಸಿದ್ದ ಪಾಠವನ್ನು ಸೋಮವಾರ ಮತ್ತೆ ಶುರು ಮಾಡಿದ್ದೆ. ಮೂರು ದಿನವೂ ಜುಡಿತ್ ಒಂದು ಲೆಕ್ಕ ಮುಗಿಸಲೂ ಬಿಡದೆ ಅತ್ತಿದ್ದಳು. ಅತ್ತೆ ಆರ್ಡಿಸ್ ಫೋನಿನಲ್ಲೇ ಚುಚ್ಚಿದ್ದರು: "ಒಂದು ಕೈಲಿ ಕೂಸು, ಇನ್ನೊಂದು ಕೈಲಿ ಭಿನ್ನರಾಶಿ. ಯಾವುದು ಕೆಳಗೆ ಬೀಳುತ್ತೋ ನೋಡೋಣ."

ಗುರುವಾರ ಬೆಳಿಗ್ಗೆ ಪಾಪು ಅಳಲಿಲ್ಲ. ಭಿನ್ನರಾಶಿ ಮುಗಿಯಿತು, ಉಕ್ತಲೇಖನವೂ ಮುಗಿಯಿತು. ಎಷ್ಟೋ ದಿನಗಳ ಮೇಲೆ ನಾನು ಕಾಫಿಯನ್ನು ಬಿಸಿಯಾಗಿಯೇ ಕುಡಿದೆ. ಹತ್ತೂವರೆಗೆ, ಒಮ್ಮೆ ನೋಡಿ ಬಾ ಎಂದು ವೆಲ್ಡನ್‌ನನ್ನು ಕೋಣೆಗೆ ಕಳಿಸಿದೆ.

ಅವನು ವಾಪಸು ಬಂದು ಬಾಗಿಲಲ್ಲೇ ನಿಂತ. "ಅಮ್ಮಾ, ಪಾಪು ತಣ್ಣಗಿದೆ."

"ಹೊದಿಕೆ ಒದ್ದುಹಾಕಿರ್ಬೇಕು, ಹೊದಿಸು."

"ಹೊದ್ದುಕೊಂಡೇ ಇದೆ. ಬಾಯಿಗೆ ಬೆರಳಿಟ್ರೂ ಚೀಪ್ತಿಲ್ಲ. ಕರು ಹಿಂಗೆ ಮಾಡಿದ್ರೆ ಅಪ್ಪ ಏನಂತಾರೆ ಗೊತ್ತಲ್ಲ?"

ಗೊತ್ತಿತ್ತು. ಹಸುಗಳು ಈಯುವ ಮಾರ್ಚ್ ತಿಂಗಳದು. ಮೊಲೆ ಹಿಡಿಯದ ಕರುವನ್ನು ಕಂಡರೆ ನನ್ನ ಗಂಡ ಡ್ವೈಟ್ ಇದು ಉಳಿಯಲ್ಲ ಎಂಬಂತೆ ತಲೆಯಾಡಿಸಿ ಆಚೆ ನೋಡುತ್ತಿದ್ದರು.

ನಾನು ಕೋಣೆಗೆ ಓಡಿದೆ. ಅಂಗಾಲು ತಟ್ಟಿದೆ. ಕಣ್ಣು ಅರ್ಧ ತೆರೆದು ಮುಚ್ಚಿತು. ಎದೆಗೆ ಹಚ್ಚಿಕೊಂಡರೆ ಹಾಲು ಕಟವಾಯಿಯಿಂದ ಹೊರಗಿಳಿಯಿತು. ತುಟಿಯ ಸುತ್ತ ಬೂದಿ ಬಣ್ಣ. ಇಷ್ಟು ಹೊತ್ತೂ ನಾನು ಈ ಮೌನಕ್ಕಾಗಿ ದೇವರನ್ನು ನೆನೆಯುತ್ತಿದ್ದೆ!

ತುರ್ತು ಸಂಖ್ಯೆಗೆ ಫೋನ್ ಮಾಡಿದಾಗ ಹೆಂಗಸೊಬ್ಬಳು ಹೇಳಿದಳು: "ಆಂಬುಲೆನ್ಸ್ ನಿಮ್ಮ ಮನೆ ಮುಟ್ಟೋಕೆ ಒಂದು ಗಂಟೆ ಬೇಕು. ನೀವೂ ಹೊರಟುಬಿಡಿ, ಹೆದ್ದಾರಿ ಹತ್ರ ಸಿಗ್ತಾರೆ." ಡ್ವೈಟ್ ದೂರದ ಹುಲ್ಲುಗಾವಲಿನಲ್ಲಿದ್ದರು, ಫೋನ್ ಹೋಗಲಿಲ್ಲ. ಕೊನೆಗೆ ಅತ್ತೆಗೆ ಮಾಡಿ ಹೆದ್ದಾರಿಗೆ ಬರಲು ಹೇಳಿದೆ. "ಹೊರಟೆ" ಅಂದರು, ಅಷ್ಟೇ.

ಮೂವರನ್ನೂ ಕಾರಿಗೆ ಹತ್ತಿಸಿ ಹೊರಟೆ. ಹೆದ್ದಾರಿಯವರೆಗೆ ನಮ್ಮ ದಾರಿಯಲ್ಲಿ ಮೂರು ಗೇಟು. ವೆಲ್ಡನ್ ಮೊದಲನೆಯದನ್ನು ತೆರೆದು, ಕಾರು ದಾಟಿದ ಮೇಲೆ ಅಭ್ಯಾಸದಂತೆ ಮುಚ್ಚಲು ನಿಂತ.

"ಮುಚ್ಚಬೇಡ, ಬಾ!"

"ಹಸು ಹೊರಗೆ ಹೋಗುತ್ವೆ ಅಮ್ಮಾ!"

"ಹೋಗ್ಲಿ ಕಣೋ, ಹತ್ತು!"

ನನ್ನ ದನಿಗೆ ಹೆದರಿ ಅವನು ಅಳುತ್ತಲೇ ಹತ್ತಿದ.

ಹಿಂದೆ ಕೊರಿನ್ ಪಾಪುವಿನ ಎದೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. "ಒಂದೊಂದು ಉಸಿರೂ ಎಣಿಸು ಮಗಳೇ, ನಂಗೆ ಕೇಳೋ ಹಂಗೆ ಎಣಿಸು" ಅಂದಿದ್ದೆ. ಅವಳು ಎಣಿಸಿದಳು. ಕರಗಿದ ಹಿಮದ ಕೆಸರಿನಲ್ಲಿ ಚಕ್ರ ಜಾರುತ್ತಿತ್ತು. ಮುನ್ನೂರ ಹನ್ನೆರಡು. ಮುನ್ನೂರ ಹದಿಮೂರು. ಎರಡು ಅಂಕಿಗಳ ನಡುವಿನ ಪ್ರತಿ ಸಂದಿಯಲ್ಲೂ ನಾನು ಮುಂದಿನ ಅಂಕಿಗೆ ಕಿವಿಗೊಡುತ್ತಿದ್ದೆ. ತಿರುಗಿ ನೋಡುವ ಧೈರ್ಯವಿರಲಿಲ್ಲ.

ಹೆದ್ದಾರಿಯಲ್ಲಿ ಆಂಬುಲೆನ್ಸ್ ಕಾದಿತ್ತು. ಪಾಪುವಿನ ಮುಖಕ್ಕೆ ಆಮ್ಲಜನಕ ಹಿಡಿದರು. ನಾನು ಒಳಗೆ ಹತ್ತಿದೆ. ದೊಡ್ಡ ಮಕ್ಕಳಿಬ್ಬರೂ ರಸ್ತೆ ಬದಿಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಅತ್ತೆಯ ಪಿಕಪ್ ಬಂತು. ಚುಚ್ಚುಮಾತೇನೂ ಆಡದೆ ಅತ್ತೆ ಇಬ್ಬರನ್ನೂ ಕೋಟಿನೊಳಗೆ ಎಳೆದುಕೊಂಡರು. "ನೀನು ಹೋಗಮ್ಮ. ಇವ್ರು ನನ್ನ ಹತ್ರ ಇರ್ತಾರೆ."

ರಕ್ತಕ್ಕೆ ಸೋಂಕು ಹತ್ತಿತ್ತು. ಇನ್ನು ಎರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮೂರನೆಯ ದಿನ ಜುಡಿತ್ ಹಸಿದು ಕಿರುಚಿದಳು. ನರ್ಸುಗಳು ನಕ್ಕರು, ನಾನು ಗೋಡೆಗೊರಗಿ ಅತ್ತುಬಿಟ್ಟೆ. ಎರಡು ವಾರಕ್ಕೆ ಮನೆಗೆ ಬಂದೆವು. ಮೇ ತಿಂಗಳವರೆಗೆ ಅತ್ತೆ ನಮ್ಮಲ್ಲೇ ಉಳಿದರು. ಪಾಠದ ಹೊತ್ತಿನಲ್ಲಿ ಕೂಸು ಅವರ ಮಡಿಲಲ್ಲಿರುತ್ತಿತ್ತು. ಆದರೂ ಅದು ಸುಮ್ಮನಿದ್ದಾಗಲೆಲ್ಲ ನಾನು ಎದ್ದು ಹೋಗಿ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ.

ಒಂದು ಮಧ್ಯಾಹ್ನ ಬಟ್ಟೆ ಮಡಚುವಾಗ ಕೊರಿನ್ ತಲೆ ತಗ್ಗಿಸಿಯೇ ಹೇಳಿದಳು: "ಅಮ್ಮ, ಅವತ್ತು ಕಾರಲ್ಲಿ ಒಂದ್ಸಲ ಪಾಪು ಉಸಿರು ಕೈಗೆ ಸಿಗ್ಲೇ ಇಲ್ಲ. ಎಷ್ಟೋ ಹೊತ್ತು. ನಾನು ಸುಮ್ಮನೆ ಎಣಿಸ್ತಾ ಹೋದೆ. ನಿಲ್ಲಿಸಿದ್ರೆ ನೀನು ಕಾರು ಗುದ್ದಿಬಿಡ್ತೀಯ ಅನ್ನಿಸ್ತು."

"ಎಷ್ಟನೇ ಅಂಕಿ ಹತ್ರ?"

"ಹೇಳಲ್ಲ" ಅಂದಳು.

ಅವಳ ಕೈಯಿಂದ ಬಟ್ಟೆ ತೆಗೆದಿಟ್ಟು, ಹನ್ನೊಂದು ವರ್ಷದ ಆ ಹುಡುಗಿಯನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ.