ಕುವೈತಿನಲ್ಲಿ ಇಳಿಯುವ ಮೊದಲು

ಸೋಮನ ಮನೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂದು ಉಮಾನಾಥ ಶೆಟ್ಟರು ಬಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದರು. ಕುವೈತಿನಿಂದ ರಜೆಗೆ ಬಂದು ಒಂಬತ್ತು ದಿನವಾಗಿತ್ತು. ಸಾಲಿಗ್ರಾಮದ ಮನೆಯಿಂದ ತ್ರಾಸಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆದರೂ ದಿನಕ್ಕೊಂದು ನೆಪ ಸಿಕ್ಕಿ ಎಂಟು ದಿನ ಕಳೆದಿತ್ತು. ಭುಜ ಹೇಗಿದೆ ಎಂದು ಕೇಳುವುದು, ತಂದ ಟಾರ್ಚು ಕೊಡುವುದು, ಎದ್ದು ಬರುವುದು. ವಿಮಾನದ ಮಾತು ತಾವಾಗಿ ಎತ್ತುವುದು ಬೇಡ.

ವಿಮಾನದಲ್ಲಿ ನಡೆದದ್ದು ಇಷ್ಟು. 1971ರ ಜೂನಿನಲ್ಲಿ, ಕುವೈತಿನ ಕಟ್ಟಡ ಕಂಪನಿಯೊಂದರ ಗುಮಾಸ್ತರಾದ ಶೆಟ್ಟರು ಊರ ಕಡೆಯ ಎಂಟು ಜನ ಹೊಸ ಕೆಲಸಗಾರರನ್ನು ಮುಂಬಯಿಯಿಂದ ಕರೆದೊಯ್ಯುತ್ತಿದ್ದರು. ಅವರಲ್ಲಿ ತ್ರಾಸಿಯ ಮೀನುಗಾರ ಸೋಮನೂ ಒಬ್ಬ. ಅವನ ಸೀಟು ಶೆಟ್ಟರ ಪಕ್ಕದ್ದೇ. ಮಧ್ಯಾಹ್ನ ಎರಡರ ಹೊತ್ತಿಗೆ ವಿಮಾನ ಇಳಿಯತೊಡಗಿತು. ಆ ಹೊತ್ತಿನಲ್ಲಿ ಅಲ್ಲಿಯ ಮರಳು ಕಾವಲಿಯಂತೆ ಕಾದಿರುತ್ತದೆ. ಬಿಸಿ ಗಾಳಿ ಒಂದು ಕಡೆ ಮೇಲಕ್ಕೆ ನುಗ್ಗಿದರೆ ಇನ್ನೊಂದು ಕಡೆ ಕೆಳಕ್ಕೆ ಜಾರುತ್ತದೆ. ಅದರ ನಡುವೆ ಇಳಿಯುವ ವಿಮಾನವನ್ನು ಯಾರೋ ಎತ್ತೆತ್ತಿ ಹಾಕಿದಂತಾಗುತ್ತದೆ. ಬೆಳಿಗ್ಗೆ ಇಳಿದರೆ ಇಷ್ಟು ತೊಂದರೆ ಇಲ್ಲ. ನಾಲ್ಕು ಸಲ ಓಡಾಡಿದ ಶೆಟ್ಟರಿಗೆ ಇದೆಲ್ಲ ಗೊತ್ತಿತ್ತು.

ಗಗನಸಖಿ ಬಂದು ಅವರಿಗೆ ಇಂಗ್ಲಿಷಿನಲ್ಲಿ ಹೇಳಿ ಹೋದಳು: ಇನ್ನು ತುಂಬ ಅಲುಗಾಡುತ್ತದೆ, ವಿಮಾನ ನಿಲ್ಲುವ ತನಕ ಯಾರೂ ಬೆಲ್ಟ್ ಬಿಚ್ಚಬಾರದು, ನಿಮ್ಮವರಿಗೆ ನಿಮ್ಮ ಭಾಷೆಯಲ್ಲಿ ತಿಳಿಸಿ. ಶೆಟ್ಟರು ತಲೆಯಾಡಿಸಿದರು. ಎಲ್ಲರೂ ಬೆಲ್ಟ್ ಹಾಕಿಕೊಂಡೇ ಇದ್ದರು. ಇನ್ನು ಹೇಳುವುದೇನಿದೆ ಎಂದುಕೊಂಡು ಸುಮ್ಮನಾದರು.

ಮೊದಲ ಕುಲುಕಿಗೇ ಸೋಮ ಅವರ ಮಣಿಕಟ್ಟು ಹಿಡಿದ. "ಶೆಟ್ರೆ, ಎಂತ ಇದ್?"

"ಎಂತದೂ ಇಲ್ಲೆ ಮಾರಾಯಾ. ಗಂಗೊಳ್ಳಿ ಅಳಿವೆ ದಾಟುವಾಗ ದೋಣಿ ಕುಣಿತಿಲ್ಯಾ? ಇದೂ ಹಾಂಗೇ ಅಂದೇಳಿ ತಿಳ್ಕೊ," ಎಂದು ಶೆಟ್ಟರು ಓದುತ್ತಿದ್ದ ಪೇಪರಿಗೆ ಮರಳಿದರು.

ಹೊಳೆ ಸಮುದ್ರ ಸೇರುವ ಬಾಯಿಯೇ ಅಳಿವೆ. ಅಲ್ಲಿ ದೋಣಿ ಕುಣಿಯತೊಡಗಿದರೆ ಮೀನುಗಾರ ಮೊದಲು ಮೈಗೆ ತಾಗಿದ ಹಗ್ಗ, ಬಲೆ ಎಲ್ಲವನ್ನೂ ಬಿಡಿಸಿಕೊಳ್ಳುತ್ತಾನೆ. ಮಗುಚಿದರೆ, ಕಟ್ಟಿಕೊಂಡವನು ದೋಣಿಯೊಂದಿಗೇ ಮುಳುಗುತ್ತಾನೆ. ಹದಿಮೂರನೆಯ ವಯಸ್ಸಿನಿಂದ ಕೈಗೆ ಹತ್ತಿದ ಅಭ್ಯಾಸ. ಸೋಮ ಬೆಲ್ಟ್ ಬಿಚ್ಚಿದ. ಮರುಗಳಿಗೆಯಲ್ಲಿ ವಿಮಾನ ಧೊಪ್ಪನೆ ಕುಸಿಯಿತು. ಅವನ ತಲೆ ಮೇಲಿನ ಸಾಮಾನಿನ ಹಲಗೆಗೆ ಬಡಿಯಿತು. ಸೀಟುಗಳ ನಡುವಿನ ದಾರಿಗೆ ಬಿದ್ದವನ ಎಡ ಭುಜ ಮುರಿಯಿತು.

ಸಂಜೆ ಆಸ್ಪತ್ರೆಯಲ್ಲಿ ಅಧಿಕಾರಿಯೊಬ್ಬ ಹೇಳಿಕೆ ಬರೆದುಕೊಂಡ. ಬೆಲ್ಟ್ ಬಿಚ್ಚಬಾರದೆಂದು ಇವನ ಭಾಷೆಯಲ್ಲಿ ಇವನಿಗೆ ತಿಳಿಸಿದ್ದಿರಾ ಎಂದು ಕೇಳಿದ. ಇಲ್ಲ ಎಂದರೆ ತಮ್ಮ ಕೆಲಸಕ್ಕೇ ಕುತ್ತು. ತಿಳಿಸಿದ್ದೆ ಎಂದು ಶೆಟ್ಟರು ಸಹಿ ಹಾಕಿದರು. ಹೇಳಿಕೆಯನ್ನು ಸೋಮನಿಗೆ ಕನ್ನಡದಲ್ಲಿ ಓದಿ ಹೇಳಿದವರೂ ಅವರೇ. ಸೋಮ ಅವರ ಮುಖವನ್ನೇ ನೋಡಿ ಹೆಬ್ಬೆಟ್ಟು ಒತ್ತಿದ. ಮೂರು ವಾರದ ಮೇಲೆ ಕಂಪನಿ ಅವನನ್ನು ಊರಿಗೆ ಕಳಿಸಿತು.

ಈಗ ತ್ರಾಸಿಯ ಮನೆಯ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಸೋಮನ ಹೆಂಡತಿ ಪುಷ್ಪ ಶೆಟ್ಟರನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಹ್ವಾಯ್, ಹೊರಗ್ ಬನಿ. ಯಾರ್ ಬಂದಿರ್ ಕಾಣಿ!"

ಸೋಮ ಬಂದ. ಕೇಳುವ ಮೊದಲೇ ಎಡಗೈಯನ್ನು ತಲೆಯ ಮೇಲಕ್ಕೆತ್ತಿ ಗಿರ್ರನೆ ತಿರುಗಿಸಿ ತೋರಿಸಿದ. ಶೆಟ್ಟರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಹಂಗಾರೆ ಕಡಲಿಗೆ ಹೋಪುಕೆ ಶುರು ಮಾಡಿದ್ಯಾ?"

ಸೋಮ ಕೈ ಇಳಿಸಿದ. ಪುಷ್ಪಳೇ ಹೇಳಿದಳು: "ಕೈ ಸರಿ ಇತ್ತ್ ಶೆಟ್ರೆ. ಇವ್ರ ತಲಿ ಸರಿ ಇಲ್ಲೆ ಅಂಬ್ರ್. ಎಲ್ಲ ಮರ್ತ್ ಹೋತ್ತಂಬ್ರ್. ಮೂರ್ ಹೊತ್ತ್ ಉಂಬುದೊಂದ್ ಮರ್ತಿಲ್ಲೆ."

"ನೀ ಸುಮ್ನಿರ್," ಎಂದ ಸೋಮ. ಆಮೇಲೆ ಮೆಲ್ಲಗೆ, "ಬೆಲ್ಟ್ ಬಿಚ್ಬೇಡ ಅಂದೇಳಿ ನೀವ್ ಹೇಳಿದ್ರಿ ಶೆಟ್ರೆ. ನಂಗದ್ ಒಂಚೂರೂ ನೆನಪಿಲ್ಲೆ. ಆ ಹೆಣ್ಣ್ ಕೊಟ್ಟ ಪೆಪ್ಪರಮೆಂಟ್ ನೆನಪಿತ್ತ್. ನೀವ್ ಅಳಿವೆ ಅಂದದ್ ನೆನಪಿತ್ತ್. ಇದೊಂದ್ ಮಾತ್ರ ಇಲ್ಲೆ. ತಲಿಗೆ ಪೆಟ್ಟ್ ಬಿದ್ದದ್ದಲ್ದಾ, ಅಳ್ಸಿ ಹೋಯ್ತ್. ನಾಳೆ ದೋಣಿಯಲ್ಲಿ ಕೊರಗಣ್ಣ ಒಂದ್ ಮಾತ್ ಹೇಳಿ, ನಾ ಅದನ್ನ್ ಮರ್ತ್ರೆ? ನಾನೊಬ್ನೇ ಅಲ್ಲ, ಏಳ್ ಜನ ಹೋತ್ರ್."

ಸೋಮ ಹೋಗುತ್ತಿದ್ದ ದೋಣಿಯ ಮುಖ್ಯಸ್ಥನೇ ಕೊರಗ. ತನ್ನನ್ನು ಕರೆಯಬೇಡಿ ಎಂದು ಸೋಮನೇ ಅವನಿಗೆ ಹೇಳಿ ಬಂದಿದ್ದ. ಊರಿಗೆ ಬಂದಾಗಿನಿಂದ ಮನೆಯಲ್ಲಿ ಕೂತು ಬೇರೆಯವರ ಬಲೆ ಹೆಣೆಯುತ್ತಿದ್ದ.

ಹತ್ತು ನಿಮಿಷ ಯಾವಾಗಲೋ ಕಳೆದಿತ್ತು. ಶೆಟ್ಟರು ಒಂದು ಅಡ್ಡದಾರಿ ಹುಡುಕಿದರು. "ಆ ಗಲಾಟಿಯಲ್ಲಿ ನಿಂಗೆ ಕೇಂಡಿರ್ಲಿಕ್ಕಿಲ್ಲೆ ಸೋಮ. ಮರ್ತದ್ದಲ್ಲ."

"ನಿಮ್ಮ ಬಾಯಿ ನನ್ನ ಕಿವಿ ಹತ್ರವೇ ಇತ್ತಲೆ. ಅಳಿವೆ ಅಂದದ್ ಕೇಂಡಿತ್ತ್, ಅದ್ ಕೇಣ್ಲಿಲ್ಯಾ?" ಸೋಮ ಅವರನ್ನೇ ಸಮಾಧಾನ ಮಾಡುವವನಂತೆ ನಕ್ಕ. "ಬಿಡಿ. ನೀವ್ ಸುಳ್ಳ್ ಹೇಳುವವ್ರಲ್ಲ. ನನ್ನ ತಲಿಯೇ."

ಶೆಟ್ಟರು ಮುರಿದ ಎಲುಬಿನ ಬಗ್ಗೆ ಎಂಟು ತಿಂಗಳು ಕೊರಗಿದ್ದರು, ಅದು ಕೂಡಿಕೊಂಡಿತ್ತು. ಹಾಳಾಗಿರುವುದು ತಾವು ಎಣಿಸಿಯೂ ಇರದ ಜಾಗದಲ್ಲಿ.

"ನಾ ಹೇಳ್ಲಿಲ್ಲೆ," ಎಂದರು.

"ಎಂತ?"

"ಬೆಲ್ಟಿನ ಮಾತ್. ಆ ಹೆಣ್ಣ್ ನಿಮ್ಗೆಲ್ಲ ಹೇಳುಕೆ ಹೇಳಿತ್ತ್. ನಾ ಹೇಳ್ಲಿಲ್ಲೆ. ಅಳಿವೆ ಅಂದದ್ದೊಂದೇ ನಾ ಹೇಳದ್. ಆ ಕಾಗ್ದದಲ್ಲಿ ಬರ್ದದ್ ಸುಳ್ಳ್."

ಸೋಮ ನಿಂತಲ್ಲೇ ನಿಂತ. ಅವನ ಮುಖದಲ್ಲಿ ಸಿಟ್ಟು ಬರುವುದನ್ನೇ ಶೆಟ್ಟರು ಕಾದರು. ಅದು ಬರಲಿಲ್ಲ.

"ಹೇಳ್ಲಿಲ್ಯಾ? ಖಂಡಿತಾ?"

"ಖಂಡಿತಾ."

"ಹಂಗಾರೆ ನಾ ಎಂತದೂ ಮರ್ತಿಲ್ಲೆ," ಎಂದ ಸೋಮ ಹೆಂಡತಿಯ ಕಡೆ ತಿರುಗಿ. "ಕೇಂಡ್ಯಾ? ಎಂತದೂ ಮರ್ತಿಲ್ಲೆ!" ಹೆಗಲಿಗೆ ಬೈರಾಸು ಹಾಕಿಕೊಂಡು ಕಡಲಿನ ಕಡೆ ಹೊರಟೇಬಿಟ್ಟ. ಶೆಟ್ಟರಿಗೆ ಹೋಗಿ ಬತ್ತೆ ಎಂದೂ ಹೇಳಲಿಲ್ಲ.

ಪುಷ್ಪ ಕೈಯ ಮೀನಿನ ಬುಟ್ಟಿಯನ್ನು ಕೆಳಗಿಟ್ಟಳು. "ನಿಮ್ಗೆ ಕಾಗ್ದ ಬರೆಯುಕೆ ಬತ್ತ್ ಅಲ್ದಾ ಶೆಟ್ರೆ? ಎಂಟ್ ತಿಂಗ್ಳಲ್ಲಿ ಒಂದ್ ಕಾಗ್ದ?"

ಶೆಟ್ಟರು ಟಾರ್ಚಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹೊರಡಲು ನೋಡಿದರು.

"ಎಲ್ಲಿಗ್ ಹೊರಟ್ರಿ? ಬಸ್ಸಿಗಾ? ಇವ್ರ್ ಮರ್ತ್ ಹೋತ್ತ್ ಅಂದೇಳಿ ಇಡೀ ಕೇರಿಗೆ ಹೇಳಿರ್. ಈಗ ಮರ್ತಿಲ್ಲೆ ಅಂದ್ರೆ ಕೊರಗಣ್ಣ ನಂಬ್ತ್ರಾ? ನೀವೇ ಬಂದ್ ಹೇಳ್ಕ್."

ಫೆಬ್ರವರಿಯ ಬಿಸಿಲು. ಕಡಲ ದಂಡೆಯ ಹೊಯಿಗೆಯಲ್ಲಿ ಬೂಟು ಹೂತು, ಶೆಟ್ಟರು ಅದನ್ನು ಕಳಚಿ ಕೈಯಲ್ಲಿ ಹಿಡಿದು ಪುಷ್ಪಳ ಹಿಂದೆ ನಡೆದರು. ದೋಣಿಯ ನೆರಳಲ್ಲಿ ಆರೇಳು ಜನ ಬಲೆ ಸರಿಮಾಡುತ್ತ ಕೂತಿದ್ದರು. ಸೋಮ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ, ಒಂದಿಬ್ಬರು ನಗುತ್ತಿದ್ದರು. ಶೆಟ್ಟರನ್ನು ಕಂಡು ಎಲ್ಲರೂ ಎದ್ದು ನಿಂತರು. ಅವರಿಗೆ ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

ಅವರು ಎಲ್ಲವನ್ನೂ ಹೇಳಿದರು. ಸಹಿ ಹಾಕಿದ್ದನ್ನೂ ಬಿಡಲಿಲ್ಲ.

ಕೊರಗ ಬೀಡಿಯನ್ನು ಹೊಯಿಗೆಯಲ್ಲಿ ಒರೆಸಿ ಆರಿಸಿದ. ಸೋಮನಿಗೆ, "ನಾಳೆ ಬೆಳಿಗ್ಗೆ ಐದಕ್ಕೆ ಬಾ," ಎಂದ.

ಬೂಟು ಹಿಡಿದ ಶೆಟ್ಟರು ಇನ್ನೂ ನಿಂತೇ ಇದ್ದರು. ಉಳಿದವರು ಒಬ್ಬೊಬ್ಬರಾಗಿ ಕೂತು ಬಲೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಸೋಮನೂ ಅವರ ನಡುವೆ ಜಾಗ ಮಾಡಿಕೊಂಡು ಕೂತ.